ಬೂಟಿನ ತುದಿ ತಳ್ಳಿದ ಚೆಂಡು

ಆ ಭಾನುವಾರ ಮೈದಾನಕ್ಕೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ನಾಯಿ ಹೇಲಿನ ವಾಸನೆ. ಅಮೆರಿಕನ್ ಫುಟ್‌ಬಾಲ್ ಎಂದರೆ ಟಿವಿಯಲ್ಲಿ ಕಾಣುವ ಭಾರೀ ಕ್ರೀಡಾಂಗಣ, ದೀಪ, ಬ್ಯಾಂಡು ಎಂದುಕೊಂಡವರು ವಾಯವ್ಯ ಲಂಡನ್ನಿನಲ್ಲಿ ನಗರಸಭೆ ನಡೆಸುವ ಕೌನ್ಸಿಲ್ ಮೈದಾನಕ್ಕೆ ಬಂದು ನೋಡಬೇಕು. ಪಂದ್ಯಕ್ಕೆ ಮುಂಚೆ ಅಧಿಕಾರಿಗಳು ಒಂದು ಸುತ್ತು ಹಾಕಿ ನೆಲ ಪರೀಕ್ಷಿಸಬೇಕೆಂಬ ನಿಯಮವಿದೆ. ಗೆರೆ ಸರಿಯಾಗಿ ಎಳೆದಿದ್ದಾರೆಯೇ, ಗೋಲು ಕಂಬಗಳಿಗೆ ಮೆತ್ತೆ ಸುತ್ತಿದ್ದಾರೆಯೇ, ಒಡೆದ ಬಾಟಲಿ ಬಿದ್ದಿದೆಯೇ ಎಂದು ನೋಡುತ್ತೇವೆ. ನಮ್ಮ ಅಂಪೈರ್ ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ಮೂರು ಕಡೆ ಬಗ್ಗಿ ಎತ್ತಿದ. ನಾನು ಮೂಗು ಮುಚ್ಚಿಕೊಂಡು ನಕ್ಕೆ. ಆ ದಿನ ಹೇಸಿಗೆ ಅನ್ನಿಸಿದ್ದು ಅದೊಂದೇ ಆಗಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನಾನು ಧಾರವಾಡದವಳು. ವಾರದ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಬೇಸಿಗೆಯ ಭಾನುವಾರಗಳಲ್ಲಿ ಕಪ್ಪು ಬಿಳುಪು ಪಟ್ಟೆಯ ಅಂಗಿ ತೊಟ್ಟು ಹವ್ಯಾಸಿ ತಂಡಗಳ ಪಂದ್ಯಗಳಲ್ಲಿ ಲೈನ್ ಜಡ್ಜ್. ಆ ಪಂದ್ಯ ಸೆಮಿಫೈನಲ್. ಅದರಲ್ಲಿ ಚೆನ್ನಾಗಿ ಕೆಲಸ ಮಾಡಿದವರಿಗೆ ಫೈನಲ್ಲಿನ ಹೊಣೆ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಫೈನಲ್ ನಡೆಯುವುದು ಕೌನ್ಸಿಲ್ ಮೈದಾನದಲ್ಲಲ್ಲ, ಆಸನಗಳಿರುವ, ಗಡಿಯಾರವಿರುವ ನಿಜವಾದ ಮೈದಾನದಲ್ಲಿ. ನನಗೆ ಅದು ಬೇಕಿತ್ತು. ಬೇಕಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಯತ್ನ ಸಿಗುತ್ತದೆ. ಸಾಗಿದರೆ ಇನ್ನೂ ನಾಲ್ಕು ಯತ್ನ. ಸಾಗದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಹಿಡಿದವನ ಮೊಣಕಾಲೋ ಮೊಣಕೈಯೋ ನೆಲಕ್ಕೆ ತಾಗಿದ ಕ್ಷಣ ಆ ಯತ್ನ ಮುಗಿಯಿತು. ತಾಗಿದಾಗ ಚೆಂಡಿನ ಮುಂತುದಿ ಎಲ್ಲಿತ್ತೋ ಅಲ್ಲಿಂದ ಮುಂದಿನ ಯತ್ನ. ಆ ಜಾಗವನ್ನು ಗುರುತಿಸುವುದೇ ನನ್ನ ಕೆಲಸ. ಮೈದಾನದ ಎರಡು ಅಂಚಿನಲ್ಲೂ ಒಬ್ಬೊಬ್ಬರು ನಿಂತಿರುತ್ತೇವೆ. ಆಟಗಾರ ಬಿದ್ದ ಕೂಡಲೇ ಅವನ ಕಡೆಗೆ ಓರೆಯಾಗಿ ಓಡಬಾರದು. ಚೆಂಡು ನಿಂತ ಗೆರೆಯ ನೇರಕ್ಕೆ ಮೊದಲು ಅಂಚಿನಲ್ಲೇ ಓಡಿ, ಅಲ್ಲಿಂದ ಲಂಬವಾಗಿ ಒಳಗೆ ತಿರುಗಬೇಕು. ಕಣ್ಣು ಹುಲ್ಲಿನ ಆ ಒಂದು ಬಿಂದುವಿನ ಮೇಲೇ ನೆಟ್ಟಿರಬೇಕು. ಯಾರೇ ಕೂಗಲಿ, ಯಾರೇ ತಳ್ಳಲಿ, ಅಲ್ಲಿ ಪಾದ ಊರಬೇಕು. ಆ ಪಾದವೇ ಗುರುತು. ಅಂಪೈರ್ ಚೆಂಡನ್ನು ತಂದು ಆ ಪಾದದ ನೇರಕ್ಕೆ ಇಡುತ್ತಾನೆ.

ಇದನ್ನೆಲ್ಲ ನನಗೆ ಕಲಿಸಿದವನು ನಮ್ಮ ರೆಫರಿ. ಅಧಿಕಾರಿಗಳ ತಂಡದ ಮುಖ್ಯಸ್ಥನೆಂದು ಅವನ ತಲೆಗೆ ಮಾತ್ರ ಬಿಳಿ ಟೋಪಿ, ನಮಗೆಲ್ಲ ಕಪ್ಪು. ಅರುವತ್ತು ದಾಟಿದ ಮನುಷ್ಯ, ಗಟ್ಟಿ ದನಿ, ಮೆಲ್ಲನೆ ನಡೆ. ನಾನು ಹೊಸದಾಗಿ ಸೇರಿದಾಗ, ‘ಮೊಣಕಾಲು ನೋಡು. ಚೆಂಡನ್ನು ನೋಡುವವರು ನೂರು ಜನ ಇದ್ದಾರೆ’ ಎಂದಿದ್ದ. ದಿನವಿಡೀ ರೋಗಿಗಳ ಮೊಣಕಾಲಿನ ಜೊತೆಗೇ ಏಗುವ ನನಗೆ ಆ ಮಾತು ಹಿಡಿಸಿತ್ತು. ಅವನ ಮೇಲೆ ನನಗಿದ್ದ ಗೌರವ ಸಣ್ಣದಲ್ಲ.

ಪಂದ್ಯ ಶುರುವಾದ ಗಳಿಗೆಯಿಂದಲೇ ಆತಿಥೇಯ ತಂಡದ ತರಬೇತುದಾರ ರೆಫರಿಯ ಬೆನ್ನು ಹತ್ತಿದ. ಪ್ರತಿ ತೀರ್ಪಿಗೂ ಕೂಗು, ಕೈಯಲ್ಲಿದ್ದ ಹಲಗೆ ನೆಲಕ್ಕೆ ಬಡಿತ. ಅತಿಥಿ ತಂಡದ ತರಬೇತುದಾರನದು ಬೇರೆ ರೀತಿ, ಅವನು ನಗುತ್ತಲೇ ಚುಚ್ಚುತ್ತಿದ್ದ. ಮೊದಲರ್ಧದಲ್ಲಿ ನನ್ನ ಎದುರಂಚಿನವನು ಗುಂಪಿನ ಹಿಂದೆ ಸಿಕ್ಕಿಹಾಕಿಕೊಂಡು ಅತಿಥಿ ತಂಡಕ್ಕೆ ಸುಮಾರು ಒಂದು ಗಜ ಧಾರಾಳವಾಗಿ ಜಾಗ ಕೊಟ್ಟ. ನಾನು ದೂರದಲ್ಲಿದ್ದೆ, ನನ್ನದು ಅಲ್ಲಿ ನಡೆಯುವ ಮಾತಾಗಿರಲಿಲ್ಲ. ಆ ತರಬೇತುದಾರ ನನ್ನ ಪಕ್ಕದಲ್ಲೇ ನಿಂತು, ‘ಕೊಟ್ಟಿದ್ದನ್ನು ಬೇಡ ಅನ್ನಬಾರದು’ ಎಂದು ತನ್ನ ಹುಡುಗರಿಗೆ ಕಣ್ಣು ಹೊಡೆದ.

ಕೊನೆಯ ಹೊತ್ತಿಗೆ ಅತಿಥಿ ತಂಡ ಸ್ವಲ್ಪ ಮುಂದಿತ್ತು. ಆತಿಥೇಯ ತಂಡದ ಕೈಯಲ್ಲಿ ಚೆಂಡು, ನಾಲ್ಕನೆಯ ಯತ್ನ, ದಾಟಬೇಕಾದದ್ದು ಒಂದು ಗಜಕ್ಕೂ ಕಡಿಮೆ. ದಾಟಿದರೆ ಗೆಲ್ಲುವ ಅವಕಾಶ, ದಾಟದಿದ್ದರೆ ಅಲ್ಲಿಗೆ ಪಂದ್ಯ ಮುಗಿದಂತೆ.

ಅವರು ನನ್ನ ಕಡೆಗೇ ಓಡಿಬಂದರು. ಚೆಂಡು ಹಿಡಿದವನು ಗಟ್ಟಿಮುಟ್ಟಾದ ಆಳು. ಇಬ್ಬರು ಅವನ ಸೊಂಟಕ್ಕೆ ಬಿದ್ದರು. ಅವನ ಬಲಮೊಣಕಾಲು ಬಾಗಿ ಹುಲ್ಲಿಗೆ ತಾಗಿದ್ದನ್ನು ನಾನು ಅಡ್ಡಿಯೇ ಇಲ್ಲದೆ ನೋಡಿದೆ. ಆಗ ಚೆಂಡು ಅವನ ಎದೆಗೆ ಒತ್ತಿಕೊಂಡಿತ್ತು, ದಾಟಬೇಕಾದ ಗೆರೆಗಿಂತ ಹಿಂದೆ. ತಾಗಿದ ಮೇಲೆ ಅವನು ಕೈ ಚಾಚಿ ಚೆಂಡನ್ನು ಮುಂದೆ ಒತ್ತಿದ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಅದಕ್ಕೆ ಬೆಲೆಯಿಲ್ಲ. ನಾನು ಸೀಟಿ ಊದಿ ಒಳಗೆ ಓಡಿ ಪಾದ ಊರಿದೆ. ಅಲ್ಲಿ ಹುಲ್ಲು ಸವೆದು ಮಣ್ಣಿನ ಬೋಳು ತೇಪೆಯೊಂದಿತ್ತು. ನನ್ನ ಬೂಟಿನ ತುದಿ ಆ ತೇಪೆಯ ಅಂಚಿಗೆ ಬಂತು. ಅಂಪೈರ್ ರಾಶಿ ಬಿದ್ದವರ ನಡುವಿನಿಂದ ಚೆಂಡು ಎಳೆದುಕೊಂಡು, ನನ್ನ ಪಾದ ನೋಡಿ, ಅದೇ ನೇರಕ್ಕೆ ಇಟ್ಟ. ದಾಟಲು ಇನ್ನೂ ಒಂದು ಗೇಣು ಬೇಕಿತ್ತು.

ಇಷ್ಟು ಹತ್ತಿರವಿದ್ದಾಗ ಸರಪಳಿ ತರಿಸಿ ಅಳೆಯುವುದು ಪದ್ಧತಿ. ಹತ್ತು ಗಜದ ಸರಪಳಿ, ಎರಡು ತುದಿಗೆ ಎರಡು ಕೋಲು. ಹಿಂದಿನ ಕೋಲನ್ನು ಊರಿ ಮುಂದಿನದನ್ನು ಬಿಗಿಯಾಗಿ ಎಳೆದಾಗ ಅದು ಚೆಂಡಿಗೆ ತಾಗಿದರೆ ದಾಟಿದಂತೆ. ಸರಪಳಿ ಬರುವ ತನಕ ಚೆಂಡಿನ ಬಳಿ ಯಾರೂ ಸುಳಿಯಬಾರದು. ಅಂಪೈರ್ ಆಟಗಾರರನ್ನು ಹಿಂದೆ ಸರಿಸಲು ಅತ್ತ ತಿರುಗಿದ. ರೆಫರಿ ನನ್ನ ಹತ್ತಿರ ಬಂದು, ‘ಒಂದು ಹೆಜ್ಜೆ ಹಿಂದೆ ಹೋಗು, ನಾಯಕರಿಗೆ ಕಾಣಲಿ’ ಎಂದ. ನಾನು ಹೋದೆ. ಅವನು ಸರಪಳಿಯವರ ಕಡೆ ಕೈ ಬೀಸಿ ಕರೆಯುತ್ತಾ, ಮುಖ ಅತ್ತಲೇ ಇಟ್ಟುಕೊಂಡು, ಬಲಬೂಟಿನ ತುದಿಯಿಂದ ಚೆಂಡಿನ ಹಿಂಬದಿಯನ್ನು ಮೆಲ್ಲಗೆ ತಳ್ಳಿದ.

ಬೋಳು ತೇಪೆ ಚೆಂಡಿನ ಹೊಟ್ಟೆಯ ಕೆಳಗೆ ಹೋಗಿತ್ತು.

‘ಅದು ನಾನು ಕೊಟ್ಟ ಜಾಗವಲ್ಲ’ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ‘ಅದು ಅಲ್ಲೇ ಇದೆ’ ಎಂದ. ಸರಪಳಿ ಬಂತು, ಬಿಗಿಯಾಯಿತು, ಕೋಲು ಚೆಂಡಿನ ಮೂತಿಗೆ ತಾಗಿತು. ಆತಿಥೇಯರ ಅಂಚಿನಲ್ಲಿ ಕುಣಿತ. ನಾನು ಮತ್ತೊಮ್ಮೆ ಗಟ್ಟಿಯಾಗಿ, ‘ಚೆಂಡು ಸರಿದಿದೆ’ ಎಂದೆ. ಅಂಪೈರ್ ಕೋಲನ್ನೇ ನೋಡುತ್ತ ನಿಂತಿದ್ದ. ರೆಫರಿ ಕೈ ಮುಂದೆ ಚಾಚಿ ಹೊಸ ಯತ್ನಗಳ ಸಂಜ್ಞೆ ಕೊಟ್ಟಾಗಿತ್ತು. ಮೈದಾನದಲ್ಲಿ ಅವನದೇ ಕೊನೆಯ ಮಾತು. ಎರಡು ಯತ್ನಗಳ ನಂತರ ಆತಿಥೇಯರು ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಹೊಡೆದು ಗೆದ್ದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆವರು, ನೋವಿನ ಸ್ಪ್ರೇ, ಒದ್ದೆ ಕಾಲುಚೀಲಗಳ ವಾಸನೆ. ರೆಫರಿ ಬಾಳೆಹಣ್ಣು ಸುಲಿಯುತ್ತ, ‘ಒಳ್ಳೆಯ ಪಂದ್ಯ, ಎಲ್ಲರಿಗೂ ಧನ್ಯವಾದ’ ಎಂದ.

‘ಚೆಂಡನ್ನು ಯಾಕೆ ತಳ್ಳಿದೆ?’ ಎಂದು ಕೇಳಿದೆ.

ಕೋಣೆಯಲ್ಲಿದ್ದ ಉಳಿದವರು ಬೂಟಿನ ದಾರ ಬಿಚ್ಚುವುದರಲ್ಲಿ ಮಗ್ನರಾದರು. ಅವನು ಹಣ್ಣಿನ ಅರ್ಧ ಬಾಯಿಗಿಟ್ಟುಕೊಂಡು, ‘ನೀನು ದಣಿದಿದ್ದೀಯ. ನಾವೆಲ್ಲ ಒಂದೇ ದನಿಯಲ್ಲಿ ಮಾತಾಡಬೇಕು, ಅದು ನೆನಪಿರಲಿ’ ಎಂದ. ಅಗಿಯುತ್ತಲೇ ಹೇಳಿದ.

ಮರುದಿನ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಹರಿದಾಡಿತು. ದೂರದ ಅಂಚಿನಿಂದ ತೆಗೆದದ್ದು. ಆಟಗಾರನ ಮೊಣಕಾಲು ಗೆರೆಯ ಹಿಂದೆ ತಾಗಿದ್ದು ಅದರಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮಧ್ಯೆ ಜನ ಅಡ್ಡ ಬಂದಿದ್ದರು. ಜನ ಸರಿದಾಗ ಚೆಂಡು ಗೆರೆಯ ಮುಂದೆ, ಅದರ ಪಕ್ಕದಲ್ಲಿ ನಾನು. ರೆಫರಿಯ ಬೂಟು ಎಲ್ಲೂ ಇರಲಿಲ್ಲ. ಕೆಳಗೆ ಜನ ಬರೆದದ್ದನ್ನು ಓದಿದೆ. ಕನ್ನಡಕ ಕೊಡಿಸಿ ಅಂದವರಿದ್ದರು, ಕ್ರಿಕೆಟ್ಟಿಗೆ ಕಳಿಸಿ ಅಂದವರಿದ್ದರು. ನನ್ನ ಬಣ್ಣದ ಬಗ್ಗೆ ಬರೆದಿದ್ದನ್ನು ಇಲ್ಲಿ ಬರೆಯಲಾರೆ. ಒಬ್ಬ ನನ್ನ ಆಸ್ಪತ್ರೆ ಯಾವುದೆಂದು ಬೇರೆ ವಿಚಾರಿಸಿದ್ದ.

ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ‘ಅಮ್ಮಾ, ಪ್ಲೀಸ್, ಸ್ಟಾಪ್ ರೀಡಿಂಗ್ ಇಟ್.’

‘ಬರೆದವ್ರು ನಾಚ್ಕೋಬೇಕ, ಓದಿದವ್ರಲ್ಲ’ ಎಂದೆ. ಫೋನು ಮಾತ್ರ ವಾಪಸು ಕೇಳಲಿಲ್ಲ.

ಅತಿಥಿ ತಂಡ ದೂರು ಕೊಟ್ಟಿತು. ಎರಡು ದಿನದ ಮೇಲೆ, ಪಂದ್ಯಗಳಿಗೆ ಅಧಿಕಾರಿಗಳನ್ನು ನೇಮಿಸುವ ಕಾರ್ಯದರ್ಶಿ ಫೋನ್ ಮಾಡಿದಳು. ನಾನು ಆಸ್ಪತ್ರೆಯಲ್ಲಿ ಒಬ್ಬ ಅಜ್ಜನನ್ನು ಆಸರೆ ಕಂಬಿಗಳ ನಡುವೆ ನಡೆಸಿ ಆಗ ತಾನೇ ಕೂರಿಸಿದ್ದೆ. ಕಾರಿಡಾರಿಗೆ ಬಂದು ಮಾತಾಡಿದೆ.

‘ವಿಚಾರಣೆ ಬರೀ ಔಪಚಾರಿಕ’ ಎಂದಳು. ‘ಲೈನ್ ಜಡ್ಜ್ ಗುರುತಿಸಿದ ಜಾಗದಲ್ಲೇ ಚೆಂಡು ಇಟ್ಟೆವು ಎಂದು ರೆಫರಿ ಹೇಳಿದ್ದಾರೆ. ನೀನು ಆ ಗದ್ದಲದಲ್ಲಿ ಜಾಗ ಖಚಿತವಿರಲಿಲ್ಲ ಅಂದುಬಿಟ್ಟರೆ ಮುಗಿಯಿತು. ತಪ್ಪು ಎಲ್ಲರೂ ಮಾಡುತ್ತಾರೆ, ಯಾರೂ ನಿನ್ನನ್ನು ಶಿಕ್ಷಿಸುವುದಿಲ್ಲ. ಫೈನಲ್ಲಿಗೆ ನಿನ್ನ ಹೆಸರೂ ಇದೆ, ಗೊತ್ತಲ್ಲ?’

ಅವಳ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು, ಅದೇ ನನಗೆ ಹೆಚ್ಚು ಅಸಹ್ಯವಾಯಿತು. ನನ್ನ ಕಣ್ಣು ಕಂಡದ್ದನ್ನು ಕಾಣಲಿಲ್ಲ ಎಂದು ಹೇಳಿಸುವುದನ್ನು ಅವಳು ನನಗೆ ಮಾಡುವ ಉಪಕಾರವೆಂದು ತಿಳಿದಿದ್ದಳು.

ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ಹೂವು, ಎಲೆ ತರಲು ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗಿದ್ದೆ. ಅಂಗಡಿಯ ಮುಂದೆ ಬಾಳೆಎಲೆ ಬಿಡಿಸಿ ಹರಿದಿದೆಯೇ ನೋಡುತ್ತಿದ್ದಾಗ ಪಕ್ಕದಲ್ಲಿ ಪರಿಚಿತ ದನಿ. ನಮ್ಮ ಕನ್ನಡ ಕೂಟದಲ್ಲಿ ಆಗಾಗ ಸಿಗುವ ಬೆಂಗಳೂರಿನ ಹೆಂಗಸು, ಡಾಕ್ಟರ್. ಅವರ ಮಗ ಸೋತ ತಂಡದಲ್ಲಿ ಆಡುತ್ತಾನೆಂದು ನನಗೆ ಗೊತ್ತಾದದ್ದು ಅಂದೇ.

‘ವಿಡಿಯೋ ನೋಡ್ದೆ ಕಣ್ರೀ’ ಎಂದರು. ‘ನಮ್ ಹುಡ್ಗ ಊಟಾನೇ ಮಾಡ್ತಿಲ್ಲ. ನಮ್ಮೋರಾಗಿ ನೀವೇ ಹಿಂಗ್ ಮಾಡಿದ್ರೆ ಹೆಂಗ್ರೀ?’

‘ನಾ ಚೆಂಡು ಹಿಂದನ ಇಟ್ಟಿದ್ದೆ ರೀ. ಆಮೇಲೆ ಅದು ಸರೀತು.’

‘ಸರೀತು ಅಂದ್ರೆ? ನಿಮ್ ಕಾಲ್ ಹತ್ರಾನೇ ಇತ್ತಲ್ಲ? ಹೋಗ್ಲಿ ಬಿಡಿ. ಮೊದ್ಲೇ ಗೊತ್ತಿದ್ರೆ ಅವ್ನು ನಮ್ಮೋನು ಅಂತ ಒಂದ್ ಮಾತು ಹೇಳಿರ್ತಿದ್ದೆ. ಸ್ವಲ್ಪ ನೋಡ್ಕೋತಿದ್ರಿ.’

ಎಲೆಯ ಸುರುಳಿ ಕೈಯಲ್ಲೇ ಉಳಿಯಿತು. ‘ಏನ್ ನೋಡ್ಕೋಬೇಕಿತ್ತ್ರೀ? ನಿಮ್ಮ ಮಗ ಇದ್ದಾನಂತ ಇನ್ನೂ ಒಂದ್ ಗೇಣ ಹಿಂದ ಇಡಬೇಕಿತ್ತೇನು?’

ಅವರ ಮುಖ ಕೆಂಪಗಾಯಿತು. ‘ಅಯ್ಯೋ, ನಾನ್ ಹಂಗಂದ್ನಾ?’ ಎಂದು ಮಲ್ಲಿಗೆ ತೂಕ ಹಾಕಿಸುವ ಕಡೆ ತಿರುಗಿಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ರೆಫರಿಗಿಂತ ಅವರ ಮೇಲೇ ಸಿಟ್ಟು. ಅವರ ಮಗನಿಗೆ ಅನ್ಯಾಯವಾದದ್ದು ನಿಜ. ಆದರೆ ಅವರಿಗೆ ಬೇಕಿದ್ದದ್ದು ನ್ಯಾಯವಲ್ಲ, ತಮ್ಮ ಕಡೆಗೆ ಸರಿಯುವ ಬೂಟು.

ವಿಚಾರಣೆಗೆ ಮುಂಚೆ ರೆಫರಿ ನನ್ನನ್ನು ಭೇಟಿಯಾಗಲು ಕೇಳಿಕೊಂಡ. ನಾವಿರುವ ಕ್ವೀನ್ಸ್‌ಬರಿಗೇ ಬಂದ. ಟ್ಯೂಬ್ ರೈಲಿನ ಸ್ಟೇಷನ್ ಬಳಿಯ ಸಣ್ಣ ಕೆಫೆಯಲ್ಲಿ ಕೂತೆವು. ಬಿಳಿ ಟೋಪಿಯಿಲ್ಲದೆ ಅವನ ತಲೆ ಚಿಕ್ಕದಾಗಿ, ಬೋಳಾಗಿ ಕಂಡಿತು. ಮನೆಯವರ ಕ್ಷೇಮ ವಿಚಾರಿಸಿದ. ಆಮೇಲೆ ಚಹಾದ ಕಪ್ಪು ತಿರುಗಿಸುತ್ತಾ ಹೇಳಿದ:

‘ಇದು ನನ್ನ ಕೊನೆಯ ವರ್ಷ. ಈ ಫೈನಲ್ ಆದ ಮೇಲೆ ಸೀಟಿ ಇಟ್ಟುಬಿಡುತ್ತೇನೆ. ನಾನು ನಿಂತ ಕಡೆಯಿಂದ ಆ ಹುಡುಗ ದಾಟಿದ್ದ. ನಾನು ಚೆಂಡನ್ನು ಇರಬೇಕಾದಲ್ಲಿ ಇಟ್ಟೆ, ಅಷ್ಟೆ.’

ಅವನು ಅದನ್ನು ನಂಬಿದ್ದನೇ? ನಂಬಿರಬಹುದು. ಅವನು ನಿಂತಿದ್ದದ್ದು ಆಟದ ಹಿಂಬದಿಯಲ್ಲಿ, ಆರೇಳು ಜನರ ಬೆನ್ನಿನ ಆಚೆ. ಅಲ್ಲಿಂದ ಮೊಣಕಾಲು ಕಾಣುವಂತಿರಲಿಲ್ಲ. ಆದರೂ ಕಂಡಿತ್ತೆಂದೇ ಇಟ್ಟುಕೊಳ್ಳೋಣ.

‘ನನ್ನ ಗುರುತು ತಪ್ಪು ಅನ್ನಿಸಿದ್ದರೆ ಬದಲಿಸುವ ಅಧಿಕಾರ ನಿನಗಿತ್ತು’ ಎಂದೆ. ‘ನನ್ನನ್ನು ಕರೆದು, ಎಲ್ಲರೆದುರು, ಇವಳ ಜಾಗ ಒಪ್ಪುವುದಿಲ್ಲ, ನನ್ನದೇ ತೀರ್ಪು ಎಂದು ಕೈಯಲ್ಲೇ ಚೆಂಡು ಎತ್ತಿ ಮುಂದಿಡಬಹುದಿತ್ತು. ನಾನು ತುಟಿ ಬಿಚ್ಚುತ್ತಿರಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡು ಬೂಟಿನಲ್ಲಿ ಯಾಕೆ ತಳ್ಳಿದೆ?’

ಅವನು ಕಿಟಕಿಯಾಚೆ ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುತ್ತಿದ್ದ ತಾಯಿಯನ್ನು ನೋಡುತ್ತ ಕೂತ.

‘ಆಮೇಲೆ ಅದು ನನ್ನ ಜಾಗ ಅಂತ ಯಾಕೆ ಹೇಳಿದೆ?’

‘ನಿನಗಿನ್ನೂ ವರ್ಷಗಳಿವೆ’ ಎಂದ. ‘ನೀನು ಇದರಿಂದ ಎದ್ದು ಬರುತ್ತೀಯ. ನನಗೆ ಇದೇ ಕೊನೆ. ನಿನ್ನನ್ನು ತಯಾರು ಮಾಡಿದವನು ನಾನು. ಇದೊಂದನ್ನು ನೀನು ಹೊತ್ತುಕೊಳ್ಳಲಾರೆಯಾ?’

ಎದ್ದು ಬಂದೆ. ನನ್ನ ಚಹಾ ಹಾಗೇ ಉಳಿಯಿತು. ಅವನು ಕಲಿಸಿದ್ದೆಲ್ಲ ನಿಜವಾಗಿಯೂ ನನಗೆ ಉಪಯೋಗಕ್ಕೆ ಬಂದಿತ್ತು. ಅದನ್ನು ಅವನು ಹೀಗೆ ವಸೂಲು ಮಾಡಹೊರಟದ್ದು ನೋಡಿ, ಕಲಿತದ್ದಕ್ಕೂ ಮಸಿ ಬಳಿದಂತಾಯಿತು.

ಮನೆಯಲ್ಲಿ ಗಂಡ ಮೈಸೂರಿನವರು, ಜಗಳವೆಂದರೆ ದೂರ. ‘ಬಿಟ್ಬಿಡು ಅತ್ಲಾಗೆ’ ಎಂದರು. ‘ಭಾನುವಾರದ ಆಟಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋತೀಯ? ಖಚಿತ ಇರ್ಲಿಲ್ಲ ಅಂತ ಒಂದ್ ಮಾತು ಅಂದ್ರೆ ಏನ್ ಹೋಗುತ್ತೆ?’

‘ಖಚಿತ ಇತ್ತಲ್ರೀ.’

‘ಇತ್ತು, ಸರಿ. ಆದ್ರೆ ಈಗ ಹೇಳಿದ್ರೆ ಪಂದ್ಯ ವಾಪಸ್ ಬರುತ್ತಾ?’

‘ಪಂದ್ಯ ಬರೂದಿಲ್ಲ, ಖರೆ. ಆದ್ರ ಮುಂದಿನ ವಾರ ನಾ ಮತ್ತ ಹೋಗಿ ಕಾಲು ಇಟ್ಟು, ಚೆಂಡು ಇಲ್ಲೇ ಅದ ಅಂತ ಹೇಳಬೇಕಲ್ಲ? ಇದ ಬಾಯಿಲೆ ಹ್ಯಾಂಗ ಹೇಳ್ಲಿ?’

‘ಹಂಗಾದ್ರೆ ಹೇಳ್ಬಿಡು. ನಾನು ಜೊತೆಗೆ ಬರ್ಲಾ?’ ಎಂದರು. ಬೇಡ ಎಂದೆ. ನಿರ್ಧಾರವಾದದ್ದು ಹಾಗೆ, ಒಗೆದ ಬಟ್ಟೆ ಮಡಚುತ್ತ ನಿಂತಿದ್ದಾಗ. ಮಡಚುತ್ತಿದ್ದದ್ದು ಅದೇ ಪಟ್ಟೆ ಅಂಗಿ.

ವಿಚಾರಣೆ ನಡೆದದ್ದು ಒಂದು ಶನಿವಾರ ಬೆಳಿಗ್ಗೆ, ವೆಂಬ್ಲಿ ಕ್ರೀಡಾಂಗಣದ ಸುತ್ತ ಎದ್ದಿರುವ ಹೊಸ ಫ್ಲ್ಯಾಟುಗಳ ನಡುವಿನ ಸಮುದಾಯ ಭವನದಲ್ಲಿ. ಪಕ್ಕದ ಕೋಣೆಯಲ್ಲಿ ಮಕ್ಕಳ ನೃತ್ಯ ತರಗತಿ. ಗೋಡೆಯಾಚೆಯಿಂದ ಧಪಧಪ ಸದ್ದು. ಮೇಜಿನ ಆಚೆ ಮೂವರು. ಈಚೆ ರೆಫರಿ, ಅಂಪೈರ್, ನಾನು, ಎದುರಂಚಿನವನು. ದೂರು ಕೊಟ್ಟ ತರಬೇತುದಾರ ಬಾಗಿಲ ಬಳಿ ಕುರ್ಚಿಯಲ್ಲಿ.

ರೆಫರಿ ಶಾಂತವಾಗಿ ಮಾತಾಡಿದ. ಲೈನ್ ಜಡ್ಜ್ ಪಾದ ಊರಿದಳು, ಚೆಂಡು ಅಲ್ಲಿಟ್ಟೆವು, ಅಳೆದೆವು. ಎದುರಂಚಿನವನು ತನಗೆ ಗುಂಪು ಅಡ್ಡವಿತ್ತು ಎಂದ, ಅದು ನಿಜವೇ ಆಗಿತ್ತು. ಆಮೇಲೆ ನನ್ನ ಸರದಿ. ಮೊಣಕಾಲು ಎಲ್ಲಿ ತಾಗಿತು, ಆಗ ಚೆಂಡು ಎಲ್ಲಿತ್ತು, ಪಾದ ಎಲ್ಲಿ ಊರಿದೆ, ಅಂಪೈರ್ ಎಲ್ಲಿಟ್ಟ, ಇಷ್ಟನ್ನು ಹೇಳಿದೆ. ಅಧ್ಯಕ್ಷತೆ ವಹಿಸಿದ್ದವಳು, ‘ಅಷ್ಟು ಗದ್ದಲದಲ್ಲಿ ನಿನಗೆ ಪೂರ್ತಿ ಖಚಿತವಿತ್ತೇ?’ ಎಂದು ಕೇಳಿದಳು. ಅವಳ ತಲೆ ಆಗಲೇ ಇಲ್ಲ ಎಂಬಂತೆ ಅಲ್ಲಾಡುತ್ತಿತ್ತು. ನೇಮಕದ ಕಾರ್ಯದರ್ಶಿ ಪಕ್ಕದಲ್ಲಿ ನನ್ನನ್ನೇ ನೋಡುತ್ತಿದ್ದಳು.

‘ಪೂರ್ತಿ ಖಚಿತವಿತ್ತು’ ಎಂದೆ. ‘ಚೆಂಡು ಗೆರೆಗೆ ಒಂದು ಗೇಣು ಹಿಂದಿತ್ತು. ಸರಪಳಿ ಬರುವ ಮುಂಚೆ ರೆಫರಿ ಅದನ್ನು ಬೂಟಿನಿಂದ ಮುಂದೆ ತಳ್ಳಿದ. ನಾನು ನೋಡಿದೆ. ಆಗಲೇ ಹೇಳಿದೆ ಕೂಡ.’

ಗೋಡೆಯಾಚೆ ಮಕ್ಕಳು ಒಟ್ಟಿಗೆ ನೆಗೆದರು. ರೆಫರಿಯ ಕಿವಿಗಳು ಕೆಂಪಾದವು. ಅಧ್ಯಕ್ಷೆ ಅಂಪೈರ್‌ನತ್ತ ತಿರುಗಿದಳು. ರೆಫರಿಯನ್ನು ಬಿಟ್ಟರೆ ಚೆಂಡಿನ ಹತ್ತಿರವಿದ್ದವನು, ನನ್ನ ದನಿ ಕೇಳಿಸಬಹುದಾಗಿದ್ದವನು ಅವನೊಬ್ಬನೇ.

ಅವನು ನಿವೃತ್ತ ಟ್ಯೂಬ್ ಚಾಲಕ, ಮೆದು ಮಾತಿನವನು. ಪ್ರತಿ ಭಾನುವಾರ ರೆಫರಿಯ ಕಾರಿನಲ್ಲೇ ಬರುತ್ತಿದ್ದ. ಕಾರ್ಪೆಟ್ ನೋಡುತ್ತ, ‘ನಾನು ಆಟಗಾರರನ್ನು ಸರಿಸುತ್ತಿದ್ದೆ. ಏನೂ ಕಾಣಲಿಲ್ಲ’ ಎಂದ.

ಅಲ್ಲಿಗೆ ಮುಗಿಯಿತು. ಒಬ್ಬಳ ಮಾತು, ಅದಕ್ಕೆದುರು ಒಬ್ಬನ ಮಾತು, ಇನ್ನಿಬ್ಬರಿಗೆ ಕಾಣದ್ದು. ಆಧಾರ ಸಾಲದು, ಫಲಿತಾಂಶ ಹಾಗೇ ಇರುತ್ತದೆ ಎಂದರು. ಅಧಿಕಾರಿಗಳು ಪರಸ್ಪರರ ಮೇಲೆ ಆರೋಪ ಮಾಡುವುದು ಆಟಕ್ಕೆ ಶೋಭೆಯಲ್ಲ ಎಂಬ ಬುದ್ಧಿಮಾತೂ ಬಂತು. ಅದನ್ನು ಹೇಳುವಾಗ ಮೂವರೂ ನೋಡಿದ್ದು ನನ್ನನ್ನು.

ಹೊರಗೆ ಬಂದರೆ ಸೋತ ತಂಡದ ತರಬೇತುದಾರ ಕಾಯುತ್ತಿದ್ದ. ಮುಖ ಅರಳಿತ್ತು. ಫೋನನ್ನು ನನ್ನ ಮುಖಕ್ಕೆ ಹಿಡಿದು, ‘ಅದನ್ನೇ ಇನ್ನೊಮ್ಮೆ ಹೇಳು. ನಮ್ಮ ಕ್ಲಬ್ಬಿನ ಪುಟಕ್ಕೆ ಹಾಕುತ್ತೇವೆ. ಅವರೇ ಮೋಸ ಒಪ್ಪಿಕೊಂಡರು ಅಂತ’ ಎಂದ.

‘ಮೊದಲರ್ಧದಲ್ಲಿ ನಿಮಗೆ ಒಂದು ಗಜ ಹೆಚ್ಚು ಸಿಕ್ಕಿದ್ದನ್ನೂ ಹೇಳಲೇ?’ ಎಂದು ಕೇಳಿದೆ.

‘ಅದು ಬೇರೆ’ ಎಂದ. ‘ಅದರಿಂದ ಪಂದ್ಯ ನಿರ್ಧಾರವಾಗಲಿಲ್ಲವಲ್ಲ.’

‘ಎರಡನ್ನೂ ಒಟ್ಟಿಗೆ ಹಾಕುವುದಾದರೆ ಹೇಳುತ್ತೇನೆ.’

ಅವನು ಫೋನು ಜೇಬಿಗಿಳಿಸಿದ. ನಾನು ನಿಜ ಹೇಳಿದವಳಿಂದ ಕೆಲಸಕ್ಕೆ ಬಾರದವಳಾಗಲು ಅವನಿಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಟ್ಯೂಬಿನಲ್ಲಿ ಕೂತಾಗ ಸಮಾಧಾನವೇನೂ ಆಗಲಿಲ್ಲ. ಬಾಯಲ್ಲಿ ತುಕ್ಕಿನ ರುಚಿ. ಆದರೆ ಹೇಳಬೇಕಾದದ್ದರಲ್ಲಿ ಏನೂ ಬಾಕಿ ಉಳಿದಿರಲಿಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಫೈನಲ್ಲಿಗೆ ರೆಫರಿ ಹೋದ. ನನ್ನ ಜಾಗಕ್ಕೆ ಬೇರೊಬ್ಬರು ಹೋದರು. ಅದೇ ಭಾನುವಾರ ನನ್ನನ್ನು ಸೌತ್‌ಹಾಲ್ ಕಡೆಯ ಒಂದು ಮೈದಾನಕ್ಕೆ, ಹೊಸ ತಂಡಗಳೆರಡರ ಸ್ನೇಹಪಂದ್ಯಕ್ಕೆ ಹಾಕಿದರು. ಹೋಗಬಾರದೆಂದು ಒಮ್ಮೆ ಅನ್ನಿಸಿತು. ಆ ಹುಡುಗರು ಏನು ಮಾಡಿದ್ದರು? ಹೋದೆ.

ಅಂಪೈರ್ ಆಗಿ ಬಂದವನು ಅದೇ ನಿವೃತ್ತ ಟ್ಯೂಬ್ ಚಾಲಕ. ಬಸ್ಸಿನಲ್ಲಿ ಬಂದಿದ್ದ. ಇಬ್ಬರೂ ಮೈದಾನ ಸುತ್ತಿ ಗೆರೆಗಳನ್ನು ನೋಡಿದೆವು. ದೂರದ ಮೂಲೆಯಲ್ಲಿ ಅವನು ನಿಂತ.

‘ನಾನು ನೋಡಿದೆ’ ಎಂದ.

‘ಏನನ್ನು?’

‘ಅವನ ಬೂಟು. ತಿರುಗಿಕೊಂಡಾಗ ನೋಡಿದೆ. ನಿನ್ನ ಮಾತೂ ಕೇಳಿಸಿತು. ನನ್ನ ಹೆಂಡತಿ ತೀರಿಕೊಂಡ ವರ್ಷ, ದಿನಾ ಸಂಜೆ ಊಟ ತಂದುಕೊಡುತ್ತಿದ್ದವನು ಅವನು. ಅವನೆದುರು ನನಗೆ ಬಾಯಿ ಬರಲಿಲ್ಲ. ಇವತ್ತು ಅವನ ಫೈನಲ್ಲಿಗೆ ನನ್ನನ್ನೂ ಕರೆದಿದ್ದ. ಹೋಗಲು ಕಾಲು ಏಳಲಿಲ್ಲ.’

ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಏನಕ್ಕಾಗಿ ಕಾಯುತ್ತಿದ್ದಾನೆಂದು ನನಗೆ ಅರ್ಥವಾಯಿತು. ಪರವಾಗಿಲ್ಲ ಎಂಬುದು ನಮ್ಮ ನಾಲಿಗೆಯ ತುದಿಯಲ್ಲೇ ಇರುವ ಮಾತು. ಕಾಲು ತುಳಿದವರಿಗೂ ಅನ್ನುತ್ತೇವೆ, ಚಹಾ ಚೆಲ್ಲಿದವರಿಗೂ ಅನ್ನುತ್ತೇವೆ. ನನ್ನ ಆಸ್ಪತ್ರೆಯಲ್ಲಿ ನೋವಿಗೆ ಕಿರುಚಿ ಬೈದವರಿಗೂ ಇಂಗ್ಲಿಷಿನಲ್ಲಿ ಅದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವನ ಕಣ್ಣು ಒದ್ದೆಯಾಗಿತ್ತು, ಅವನು ಕೆಟ್ಟವನೂ ಅಲ್ಲ.

ನಾನು ಹೇಳಲಿಲ್ಲ.

‘ವಿಚಾರಣೆ ಮಾಡಿದವರಿಗೆ ಹೇಳು’ ಎಂದೆ. ‘ನನಗೆ ಹೇಳಿ ಪ್ರಯೋಜನವಿಲ್ಲ. ನನಗೆ ಮೊದಲೇ ಗೊತ್ತಿತ್ತು.’

ಅವನು ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಆಮೇಲೆ ಅವನು ಹೇಳಿದನೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಯಾರೂ ಮತ್ತೆ ಕರೆದು ಕೇಳಲಿಲ್ಲ. ಹುಡುಗರು ಹೆಲ್ಮೆಟ್ಟು ಬಿಗಿದುಕೊಂಡು ಸಾಲಾಗಿ ನಿಂತಿದ್ದರು. ಅವನು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮೈದಾನದ ಮಧ್ಯಕ್ಕೆ ನಡೆದ. ನಾನು ನನ್ನ ಅಂಚಿಗೆ ಹೋಗಿ ನಿಂತೆ.